ಎಡಕ್ಕೆ ಕಟ್ಟಿದ ಸ್ಟೆಪ್ನಿ

ಅಥಣಿ ರಸ್ತೆ

"ಒಮಾನ್ ದೇಶದಾಗ ಏನೇನ್ ನೋಡಿದ್ರಿ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ನಾನು ಇದ್ದದ್ದು ಇದ್ದಂತೆ ಹೇಳುತ್ತೇನೆ: ಸ್ಟೆಪ್ನಿ ನೋಡಿದೆ. ನಗುತ್ತಾರೆ. ಕೋಟೆ, ಸಮುದ್ರ, ಮರಳುಗಾಡು ಎಲ್ಲ ನೋಡಿಯೇ ಇದ್ದೇನೆ, ಫೋನಿನಲ್ಲಿ ಫೋಟೋಗಳೂ ಇವೆ. ಆದರೆ ಆ ಪ್ರವಾಸ ಎಂದರೆ ನನಗೆ ಇವತ್ತಿಗೂ ಕಣ್ಣ ಮುಂದೆ ಬರುವುದು ಒಂದು ಟೈರು, ಅದನ್ನು ಹೊತ್ತ ಒಂದು ಕಬ್ಬಿಣದ ತೋಳು.

ನಮ್ಮ ಮನೆಯವರು ಶಿವಾನಂದ, ಕಾಲುವೆ ಕೆಲಸದ ಎಂಜಿನಿಯರು. ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಬಂತು, ನಡಿಗೆ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಬೆರಳು ಮಡಚುತ್ತವೆ, ಆದರೆ ಹಿಡಿದದ್ದು ನಿಲ್ಲುವುದಿಲ್ಲ. ಕಾರು ಓಡಿಸಬಹುದು ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದರೂ ಇವರು ಸ್ಟೀರಿಂಗ್ ಮುಟ್ಟಲಿಲ್ಲ, ಬೇಕಾದಾಗ ನಾನೇ ಓಡಿಸುತ್ತಿದ್ದೆ. ಕಡೆಗೊಂದು ದಿನ ಕಾರು ಮಾರೋಣ ಎಂದರು. ಅರಕೇರಿಯ ಒಬ್ಬರು ವಿಜಯಪುರದ ನಮ್ಮ ಮನೆಗೇ ಬಂದು ನೋಡಿ ಒಪ್ಪಿಕೊಂಡೂ ಹೋದರು.

"ನೀ ಸ್ಕೂಟಿ ಹೊಡೀತಿ, ನನಗ ಆಟೋ ಸಾಕು," ಎಂದರು ಇವರು. "ಇನ್ನ ನನ್ನ ಕೈಲೆ ಏನೂ ಆಗಂಗಿಲ್ಲ. ಸುಮ್ಮನ ಯಾಕ ಮನಿ ಮುಂದ ನಿಲ್ಲಿಸಿ ನೋಡಕೊಂತ ಕುಂದರೂದು?"

ಹಾಗೆಂದವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಾರಲಿಕ್ಕೆ ಹೊರಟದ್ದು ಬರೀ ಕಾರಲ್ಲ ಎಂದು ನನಗೆ ಗೊತ್ತಿತ್ತು. ಗಾಡಿ ಕೊಡುವುದನ್ನು ಒಮಾನಿಗೆ ಹೋಗಿ ಬಂದ ಮೇಲೆ ಎಂದು ಹೇಗೋ ಮುಂದೆ ತಳ್ಳಿದೆ.

ಒಮಾನ್ ಎಲ್ಲಿಂದ ಬಂತು ಎಂದರೆ ಇಮ್ತಿಯಾಜ್‌ನಿಂದ. ಇವರ ಜೊತೆ ಸಾಲಿ ಕಲಿತವನು, ಬಹಳ ವರ್ಷಗಳಿಂದ ಮಸ್ಕತ್‌ನಲ್ಲಿದ್ದಾನೆ. "ಬರ್ರಿ ಭಾಭಿ, ಶಿವ್ಯಾನ ಕರಕೊಂಡ ಬರ್ರಿ, ಗಾಳಿ ಬದಲಾಗಲಿ," ಎಂದು ಅವನು ವಿಡಿಯೋ ಕಾಲ್ ಮಾಡಿ ತನ್ನ ಸಣ್ಣ ಕ್ಯಾಂಪಿಂಗ್ ಟ್ರೇಲರ್ ತೋರಿಸಿದ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಡಬ್ಬಿ. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ನಾನು "ಅಯ್ಯ, ಎಷ್ಟ ಚಂದ ಐತಿ" ಎನ್ನುತ್ತಿದ್ದೆ. ಇವರು ಸೋಫಾದ ಮೂಲೆಯಿಂದ ಕತ್ತು ಚಾಚಿ ಕೇಳಿದರು:

"ಇದರ ಸ್ಟೆಪ್ನಿ ಎಲ್ಲೈತಿ?"

ಇಮ್ತಿಯಾಜ್ ನಾಚಿಕೊಂಡು ಹಾಸಿಗೆಯ ಮೇಲೆ ಅಡ್ಡ ಬಿದ್ದಿದ್ದ ಟೈರು ತೋರಿಸಿದ. ಮಲಗುವಾಗ ಹೊರಗೆ, ಹೊರಡುವಾಗ ಒಳಗೆ. ಅದನ್ನು ಹೊರಗೆ ಹೊತ್ತು ನಿಲ್ಲುವ ಕಬ್ಬಿಣ ಎಂದೋ ಮುರಿದು ಹೋಗಿತ್ತಂತೆ. "ಇದೇನಲೇ, ಹೆಂಡತಿ ಮಲಗೂ ಜಾಗಾದಾಗ ಟೈರ ಮಲಗಿಸೀಯಲ್ಲ!" ಎಂದರು ಇವರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಚೇಷ್ಟೆಯ ಮಾತು ಬಂದಿತ್ತು. ಮರುದಿನ ಬೆಳಿಗ್ಗೆ ಅಳತೆ ಕಳಿಸು ಎಂದು ತಾವೇ ಇಮ್ತಿಯಾಜ್‌ಗೆ ಫೋನ್ ಮಾಡಿದರು.

ತಿಕೋಟಾ

ಮಸ್ಕತ್‌ನಲ್ಲಿ ವೆಲ್ಡಿಂಗ್ ಅಂಗಡಿ ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಇದ್ದಾವು, ಆದ್ರ ಸಿದ್ರಾಯ ಇಲ್ಲ," ಎಂದರು. ಸಿದ್ರಾಯ ತಿಕೋಟಾದಲ್ಲಿ ಟ್ರ್ಯಾಕ್ಟರ್ ಟ್ರಾಲಿ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಚೌಕಟ್ಟು ಮಾಡುವವನು. ಅವನ ವಾದ ಎಂದರೆ ಜಗತ್ತಿನ ಯಾವ ಗಾಡಿಯೂ ಕೊನೆಗೆ ಒಂದು ಟ್ರಾಲಿಯೇ.

ಫೋನಿನಲ್ಲಿ ಫೋಟೋ ನೋಡಿ ಅವನು ಬಿದ್ದು ಬಿದ್ದು ನಕ್ಕ. "ಯಪ್ಪಾ! ಮನಷ್ಯಾರು ಮಲಗೂ ಟ್ರಾಲಿ ಏನ್ರಿ ಇದು? ಮನಿ ಮಠ ಇಲ್ಲೇನ್ರಿ ಅವರಿಗೆ?"

"ಅದಾವೋ ಮಾರಾಯ. ಬಿಟ್ಟ ಬಂದ ಮಲಗತಾರ, ಖುಷಿಗೆ," ಎಂದೆ.

"ನಮ್ಮ ಕಬ್ಬ ಕಡಿಯೂ ಗ್ಯಾಂಗಿನವರೂ ಟ್ರಾಲ್ಯಾಗ ಮಲಗತಾರ. ಅವರಿಗೆ ಯಾರೂ ಖುಷಿ ಅನ್ನಂಗಿಲ್ಲ ನೋಡ್ರಿ," ಎಂದು ಅವನು ಕೆಲಸಕ್ಕೆ ಕುಳಿತ.

ಇವರು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಅಂಗಡಿಯ ನೆಲದ ಮೇಲೆ ಚಿತ್ರ ಬರೆದರು. ಜೀಪಿಗೆ ಕೊಂಡಿ ಹಾಕುವ ಟ್ರೇಲರಿನ ಮೂಗು, ಅದಕ್ಕೆ ಬಿಗಿಯುವ ಎರಡು ಹಿಡಿಕೆ, ಅಲ್ಲಿಂದ ಮೇಲೆದ್ದ ತೋಳು, ತುದಿಯಲ್ಲಿ ಟೈರು ಕೂರುವ ತಟ್ಟೆ. ಸಿದ್ರಾಯ ತನ್ನ ಬುದ್ಧಿಯನ್ನೂ ಸೇರಿಸಿದ: ತೋಳಿಗೆ ಕೀಲು. ಪಿನ್ನು ಎಳೆದರೆ ಬಾಗಿಲು ತೆರೆದಂತೆ ಟೈರು ಪಕ್ಕಕ್ಕೆ ಹೊರಗೆ ಬರಬೇಕು, ಬಗ್ಗಿ ಎಳೆದಾಡುವ ಕೆಲಸವೇ ಇರಬಾರದು.

"ಯಾವ ಕಡೆ ತೆರೀಲಿ ಸಾಹೇಬ್ರ?"

"ಎಡಕ್ಕ. ಬಲಕ್ಕ ಗಾಡಿ ಹಾದ ಹೋಗತಾವು. ಸ್ಟೆಪ್ನಿ ತಗಿಯೂಮುಂದ ಮನಷ್ಯಾನ ಬೆನ್ನಿಗೆ ರೋಡ್ ಇರಬಾರದು."

"ಅದ ಖರೆ. ಎಡಕ್ಕ ಇರ್ಲಿ," ಎಂದ ಸಿದ್ರಾಯ. ಚಹಾ ಕುಡಿಯುತ್ತ ಕುಳಿತಿದ್ದ ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ನಾನೂ ಒಂದು ಹಿಡಿ ಮಣೂಕ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದೆ. ಒಮಾನಿನಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ, ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ ಎಂದು ಅದೇ ವಾರವಿಡೀ ನಾನು ನಿದ್ದೆಗೆಟ್ಟಿದ್ದೆ, ನೆನಪಿಡಿ. ಓಡಿಸಬೇಕಾದವಳು ನಾನೇ ತಾನೆ? ಆ ಚಿಂತೆಯನ್ನೂ ಈ ಕಬ್ಬಿಣವನ್ನೂ ಜೋಡಿಸಿ ನೋಡುವ ಬುದ್ಧಿ ಅಲ್ಲಿದ್ದ ಒಬ್ಬರಿಗಾದರೂ ಬರಬೇಕಲ್ಲ! ಬರಲಿಲ್ಲ.

ಬಬಲೇಶ್ವರ

ಬಬಲೇಶ್ವರದಲ್ಲಿ ಇವರ ಅಕ್ಕ ಗಂಗಕ್ಕನ ಮನೆ, ಹಿತ್ತಲಲ್ಲೇ ದ್ರಾಕ್ಷಿ ಪಡ, ಬಳ್ಳಿ ಹಬ್ಬಿಸಿದ ಚಪ್ಪರದ ತೋಟ. ಒಮಾನಿಗೆ ಹೋಗುವ ಮೊದಲು ಅಕ್ಕನ ಕಾಲಿಗೆ ಬೀಳುವುದು ಒಂದು ನೆಪ, ಅಲ್ಲಿರುವ ಔಷಧ ಹೊಡೆಯುವ ಸಣ್ಣ ಟ್ರೇಲರಿಗೆ ಕಬ್ಬಿಣ ಕಟ್ಟಿ ನೋಡುವುದು ಇನ್ನೊಂದು. ಟೈರು ಹೊತ್ತು ನಿಲ್ಲುತ್ತದೆಯೇ, ಬಿಚ್ಚಿ ಹಾಕಲು ನಮ್ಮಿಬ್ಬರಿಗೆ ಆಗುತ್ತದೆಯೇ ನೋಡಬೇಕಿತ್ತು.

ಕಬ್ಬಿಣವೇನೋ ಕಲ್ಲಿನಂತೆ ನಿಂತಿತು. ಗಂಗಕ್ಕ ಅದಕ್ಕೆ ಕುಂಕುಮ ಹಚ್ಚಿ, ಟೈರಿಗೂ ಹಚ್ಚಿ, ಲಿಂಬೆಹಣ್ಣು ಇಟ್ಟಳು. ತೊಂದರೆ ಶುರುವಾದದ್ದು ಆಮೇಲೆ. ಇವರು ನಟ್ಟು ಬಿಚ್ಚುವ ಪಾನಾ ಹಿಡಿದರೋ ಇಲ್ಲವೋ, ಭಾವ ಬಂದು ಕಸಿದುಕೊಂಡರು. ಟೈರಿಗೆ ಕೈ ಹಾಕಿದರೆ ಪಕ್ಕದ ಹೊಲದವರು ಓಡಿ ಬಂದರು. ಗಂಗಕ್ಕ ಕುರ್ಚಿಯನ್ನೇ ತಂದಿಟ್ಟಳು.

"ನೀ ಕುಂದರೋ ತಮ್ಮಾ. ನಿನ್ನ ಕೈ ನೊಂದೀತು. ಇಷ್ಟ ಮಂದಿ ಅದೇವಿ, ನಿನಗ್ಯಾಕ ಬೇಕ ಇದು?"

ಎಲ್ಲರದ್ದೂ ಪ್ರೀತಿಯೇ. ಒಂದು ವರ್ಷದಿಂದ ಇದೇ ಪ್ರೀತಿ ನೀರಿನ ಲೋಟವನ್ನೂ ಇವರ ಕೈಯಿಂದ ಇಸಿದುಕೊಂಡಿತ್ತು. ಮೂರು ಜನ ಸೇರಿ ಗದ್ದಲ ಮಾಡುತ್ತ ಟೈರು ಬಿಚ್ಚಿ ಹಾಕಿದರು. ಇವರು ಕುರ್ಚಿಯನ್ನೂ ಬಿಟ್ಟು ಪಡದ ಕೆಳಗೆ ಹೋಗಿ ಬೆನ್ನು ಮಾಡಿ ನಿಂತುಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು.

"ಅವರದ ಕಬ್ಬಿಣ, ಅವರದ ಲೆಕ್ಕಾ. ಮುಟ್ಟಾಕರ ಬಿಡ್ರಿ ಅವರನ್ನ!" ಎಂದು ಕೂಗಿದೆ. ಗಂಡನ ಅಕ್ಕನ ಮನೆಯಲ್ಲಿ ನಿಂತು ಹಾಗೆ ಕೂಗಬಾರದು, ಗೊತ್ತು. ಭಾವ ಪಾನಾ ಕೆಳಗಿಟ್ಟರು. ಆದರೆ ಇವರು ಪಡದ ಕೆಳಗಿನಿಂದ ಬರಲಿಲ್ಲ. "ನಡಿ ಸುಮಾ, ಹೊತ್ತಾತು," ಎಂದಷ್ಟೇ ಹೇಳಿದರು. ದಾರಿಯಲ್ಲಿ ಅರಕೇರಿಯವರ ಫೋನು ಬಂತು, ಗಾಡಿ ಯಾವಾಗ ಕೊಡುತ್ತೀರಿ ಎಂದು. "ಬಂದ ಕೂಡ್ಲೆ," ಎಂದರು ಇವರು. ನಾನು ಗೇರ್ ಬದಲಿಸಿ ಗಾಡಿ ಹೊಡೆದೆ.

ಮಸ್ಕತ್

ಕೈಚೀಲದಲ್ಲಿ ಗಂಗಕ್ಕನ ಕಡಕ್ ರೊಟ್ಟಿ, ಸೂಟ್‌ಕೇಸಿನಲ್ಲಿ ಕೌದಿ ಸುತ್ತಿದ ಸಿದ್ರಾಯನ ಕಬ್ಬಿಣ. ಬಟ್ಟೆ ಎಲ್ಲಿ ಎಂದು ಕೇಳಬೇಡಿ, ಮೈಮೇಲೆ ಇದ್ದವೇ ಹೆಚ್ಚು. ವಿಮಾನದ ತೂಕಕ್ಕೆ ಕಬ್ಬಿಣ ಬೇಕೋ ಸೀರೆ ಬೇಕೋ ಎಂಬ ಪ್ರಶ್ನೆ ಬಂದಾಗ ನಾನು ಕಬ್ಬಿಣ ಎಂದೆ. ಸಂಸಾರದಲ್ಲಿ ಅಷ್ಟು ದೊಡ್ಡ ತ್ಯಾಗ ನಾನು ಬೇರೆ ಮಾಡಿಲ್ಲ.

ಮಸ್ಕತ್‌ನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ಮಲ್ಲಿಗೆ ಬಿಳುಪಿನ ನಿಲುವಂಗಿ ತೊಟ್ಟ ಅಧಿಕಾರಿ ಕೌದಿ ಬಿಚ್ಚಿ ನೋಡಿ ಹೌಹಾರಿದ. ಕುಂಕುಮ ಹಚ್ಚಿದ ಕಬ್ಬಿಣ ಬೇರೆ, ಪಾಪ! ಇವರು ಟ್ರೇಲರಿನ ಫೋಟೋ ತೋರಿಸಿ ಕೈ ತಿರುಗಿಸಿ ವಿವರಿಸಿದರು. ಅವನ ಮುಖ ಅರಳಿತು. ಪಕ್ಕದವನನ್ನು ಕರೆದ. ಇಬ್ಬರೂ ಸೇರಿ ಕೀಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡಿದರು. ಮರಳಿಗೆ ಹೋಗಿ ಮಲಗುವ ಹುಚ್ಚು ಆ ದೇಶದಲ್ಲಿ ಎಲ್ಲರಿಗೂ ಇದೆ ಎಂದು ನನಗೆ ಆಮೇಲೆ ತಿಳಿಯಿತು. ಶುಕ್ರವಾರ ಬಂತೆಂದರೆ ನಮ್ಮವರು ತೋಟಕ್ಕೆ ಹೋಗಿ ಹೋಳಿಗೆ ಉಣ್ಣುವಂತೆ ಅವರು ಸಂಸಾರ ಸಮೇತ ಚಾಪೆ, ಕುರಿಮಾಂಸ, ಥರ್ಮಾಸ್ ಕಟ್ಟಿಕೊಂಡು ಹೊರಡುತ್ತಾರೆ.

ಇಮ್ತಿಯಾಜ್‌ನ ಮನೆಯ ಅಂಗಳದಲ್ಲಿ ಕಬ್ಬಿಣ ಟ್ರೇಲರಿನ ಮೂಗಿಗೆ ಅಚ್ಚುಕಟ್ಟಾಗಿ ಕೂತಿತು. ಬಿಗಿದದ್ದು ಅವನೇ. ಇವರು ಕುರ್ಚಿಯಲ್ಲಿ ಕುಳಿತು ನೋಡಿದರು. "ಭಾರಿ ಮಾಡ್ಯಾನಲೇ ಸಿದ್ರಾಯ!" ಎಂದು ಇಮ್ತಿಯಾಜ್ ಟೈರಿನ ಮೇಲೆ ಗುದ್ದಿ ನೋಡಿದ. ಇಷ್ಟು ವರ್ಷ ಆ ದೇಶದಲ್ಲಿ ಗಾಡಿ ಓಡಿಸಿದ ಅವನಿಗೂ ಏನೂ ಹೊಳೆಯಲಿಲ್ಲ. ವಿಜಯಪುರದವನು, ಎಷ್ಟೆಂದರೂ ನಮ್ಮವನೇ. ಜೀಪಿನ ಕೀಲಿ ಕೊಟ್ಟು ನಮ್ಮಿಬ್ಬರನ್ನೇ ಕಳಿಸುವಾಗ ನನ್ನನ್ನು ಬದಿಗೆ ಕರೆದು ಹೇಳಿದ: "ಏನರೆ ಆದ್ರ ಫೋನ್ ಹಚ್ಚರಿ ಭಾಭಿ. ಅವನ ಕೈಲೆ ಏನೂ ಮಾಡಸಬ್ಯಾಡ್ರಿ." ನಾನು ಹಲ್ಲು ಕಚ್ಚಿ ಹೂಂ ಎಂದೆ.

ನಿಜ್ವಾ

ರಸ್ತೆಗಳು ಹೇಗಿವೆ ಎಂದರೆ, ಕುಂಡಿ ಊರಿ ಕುಳಿತರೂ ಮೈಗೆ ಮಣ್ಣು ಹತ್ತಲಿಕ್ಕಿಲ್ಲ. ನೆಲ ಮಾತ್ರ ನಮ್ಮ ಸೀಮೆಯ ದಾಯಾದಿ. ಮರವಿಲ್ಲ, ಕಲ್ಲು, ಬಿಸಿಲು, ದೂರದಲ್ಲಿ ಬೋಳುಗುಡ್ಡ. ಕರಿಮಣ್ಣೊಂದು ಇಲ್ಲ. ಎರಡು ದಿನ ನಾನು ಪ್ರತಿ ತಿರುವಿನಲ್ಲೂ "ಬಲಕ್ಕ, ಬಲಕ್ಕ" ಎಂದು ಮಂತ್ರ ಹೇಳಿಕೊಂಡೇ ಓಡಿಸಿದೆ. ಹಿಂದಿನ ಡಬ್ಬಿ ಮೊಂಡು ಕರುವಿನಂತೆ ಎಳೆಸಿಕೊಂಡು ಬಂತು.

ನಿಜ್ವಾದ ಹತ್ತಿರ ಒಂದು ಹಳ್ಳಿಯಲ್ಲಿ ನೆಲದೊಳಗಿನಿಂದ ನೀರು ತರುವ ಹಳೆಯ ಕಾಲುವೆ ನೋಡಿದೆವು. ಇವರು ಖರ್ಜೂರದ ಮರದ ಬುಡದಲ್ಲಿ ಮಂಡಿಯೂರಿ, ನೀರಿನಲ್ಲಿ ಬಲಗೈ ಇಳಿಬಿಟ್ಟು ಬಹಳ ಹೊತ್ತು ಕುಳಿತರು. "ನಮ್ಮ ತೊರವಿಯಿಂದ ವಿಜಯಪುರಕ್ಕ ನೀರ ತಂದಿದ್ರಲ್ಲ ಸುಲ್ತಾನರ ಕಾಲದಾಗ, ಅದ ವಿದ್ಯಾ ಇದು. ನಾವ ಅದನ್ನ ಹೂಳಾಗ ಬಿಟ್ಟೇವಿ. ಇವರು ಇನ್ನೂ ಉಣ್ಣಾಕತ್ತಾರ," ಎಂದರು. ಆ ದಿನ ಊಟ ಚೆನ್ನಾಗಿ ಮಾಡಿದರು. ನನಗೆ ಅಷ್ಟೇ ಸಾಕಿತ್ತು. ಆದರೂ ರಾತ್ರಿ ಟ್ರೇಲರಿನ ಮುಚ್ಚಳ ಎತ್ತಿ ಅನ್ನಕ್ಕೆ ಇಡುವಾಗ, "ಗಾಡಿ ಕಾಗದ ಎಲ್ಲಿ ಇಟ್ಟೀದಿ? ಹೋದ ಕೂಡ್ಲೆ ಕೊಡಬೇಕು," ಎಂದರು. ಅನ್ನ ಸೀದುಹೋಯಿತು.

ಆದಂ ಕಡೆಗೆ

ಆದಂ ಎಂಬ ಊರಿನ ಕಡೆಗೆ ರಸ್ತೆ ನೂಲು ಹಿಡಿದಂತೆ ನೇರ. ಲಾರಿಗಳು ಸುಂಯ್ ಎಂದು ಹಾದು ಹೋಗುತ್ತವೆ. ಹಿಂದೆ ಏನೋ ಪಟಪಟ ಬಡಿಯಿತು, ಟ್ರೇಲರು ವಾಲಿತು. ನಿಧಾನಕ್ಕೆ ಬಲ ಅಂಚಿಗೆ ತಂದು ನಿಲ್ಲಿಸಿದೆ. ಅಂಚಿನಾಚೆ ಸಡಿಲ ಮರಳು, ಮತ್ತೂ ಒಳಗೆ ಇಳಿಸಲು ಧೈರ್ಯವಾಗಲಿಲ್ಲ. ಇಳಿದು ನೋಡಿದರೆ ಟ್ರೇಲರಿನ ಬಲಗಾಲಿ ನೆಲಕ್ಕೆ ಕೂತಿದೆ.

"ಒಳ್ಳೇದಾತು," ಎಂದೆ. "ರೋಡಿನ ಕಡೇದಲ್ಲ. ಸ್ಟೆಪ್ನಿ ತಗೀರಿ."

ಇವರು ಪಾನಾ ಹಿಡಿದು ಟ್ರೇಲರಿನ ಮೂಗಿನ ಹತ್ತಿರ ಹೋದವರು ನಿಂತೇ ಬಿಟ್ಟರು. ನಾನೂ ಹೋಗಿ ನೋಡಿದೆ. ಸ್ಟೆಪ್ನಿ ಎಡಕ್ಕೆ. ಎಡಕ್ಕೆ ಎಂದರೆ ಇಲ್ಲಿ ರಸ್ತೆ. ಪಿನ್ನು ಎಳೆದರೆ ಸಿದ್ರಾಯನ ತೋಳು ಬಾಗಿಲು ತೆರೆದಂತೆ ನೇರ ಲಾರಿಗಳ ದಾರಿಗೆ ತೆರೆಯುತ್ತದೆ. ತಿಕೋಟಾದ ನೆಲದ ಮೇಲೆ ಬರೆದದ್ದು, ಬಬಲೇಶ್ವರದಲ್ಲಿ ಪೂಜೆ ಮಾಡಿದ್ದು, ಸೀರೆ ಬಿಟ್ಟು ಹೊತ್ತು ತಂದದ್ದು, ಎಲ್ಲವೂ ಉಲ್ಟಾ!

"ಅಯ್ಯಯ್ಯ ಶಿವನೇ!" ಎಂದು ನನಗೆ ನಗು ಬಂತು, ತಡೆಯಲಾಗಲಿಲ್ಲ. ಇವರು ನಗಲಿಲ್ಲ. ಅಂಚಿನ ಕಲ್ಲಿನ ಮೇಲೆ ಕುಳಿತರು.

"ಇಷ್ಟ ಸಣ್ಣ ಮಾತ ಹೊಳೀಲಿಲ್ಲ ನನಗ. ತಲಿನೂ ಹೋಗೇತಿ, ಕೈನೂ ಹೋಗೇತಿ. ಇಮ್ತಿಯಾಜ್‌ಗ ಫೋನ್ ಹಚ್ಚು."

ನನ್ನ ನಗು ಅಲ್ಲೇ ಒಣಗಿತು. ಫೋನು ಕೈಗೆ ತೆಗೆದುಕೊಂಡೆ. ಹಚ್ಚಿದರೆ ಅವನು ಬರುತ್ತಾನೆ, ಬಂದು ಎಲ್ಲ ಮಾಡುತ್ತಾನೆ, ಇವರು ಇದೇ ಕಲ್ಲಿನ ಮೇಲೆ ಕುಳಿತಿರುತ್ತಾರೆ. ಆಮೇಲೆ ಕಾರು ಅರಕೇರಿಗೆ ಹೋಗುತ್ತದೆ, ಇವರು ಸೋಫಾದ ಮೂಲೆಗೆ ಹೋಗುತ್ತಾರೆ. ಇದೆಲ್ಲ ಕಣ್ಣಿಗೆ ಕಟ್ಟಿದಂತೆ ಕಂಡಿತು. ಬೆರಳು ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಹಿಂದೆ ಒಂದು ಪಿಕಪ್ ನಿಂತಿತು. ಹಿಂದೆ ಎರಡು ಆಡು, ಮುಂದೆ ಬಿಳಿ ಗಡ್ಡದ ಮುದುಕ. ಆ ದೇಶದಲ್ಲಿ ನಿಂತ ಗಾಡಿ ನೋಡಿ ನಿಲ್ಲಿಸದೆ ಹೋದರೆ ಮನೆಯಲ್ಲಿ ಊಟ ಹಾಕುವುದಿಲ್ಲವೋ ಏನೋ, ಅಷ್ಟು ತುರ್ತಾಗಿ ಇಳಿದು ಬಂದ. ಸಲಾಂ ಹೇಳಿದ. ನಮ್ಮ ಮುಖ ನೋಡಿ ಹಿಂದಿ ಶುರು ಮಾಡಿದ, ನಮ್ಮೂರಿನ ದಖನಿ ಉರ್ದುವಿಗಿಂತ ಕೆಟ್ಟ ಹಿಂದಿ, ಆದರೆ ಅರ್ಥವಾಯಿತು. ಎಲ್ಲವನ್ನೂ ಒಂದು ನೋಟ ನೋಡಿ, ತನ್ನ ಪಿಕಪ್ಪನ್ನು ಸ್ವಲ್ಪ ರಸ್ತೆಯ ಕಡೆಗೆ ಸರಿಸಿ, ದೀಪ ಮಿನುಗಿಸಿ ಹಿಂದಿನಿಂದ ಬರುವ ಲಾರಿಗಳಿಗೆ ಅಡ್ಡ ನಿಲ್ಲಿಸಿದ. ಈಗ ಲಾರಿಗಳೆಲ್ಲ ದೂರದಿಂದಲೇ ಆಚೆ ಸರಿದು ಹೋದವು.

ಆಮೇಲೆ ಅವನು ಅಂಗಿಯ ತೋಳು ಮಡಚಿ, ಇವರ ಪಕ್ಕದಲ್ಲಿದ್ದ ಪಾನಾಕ್ಕೆ ಕೈ ಹಾಕಿದ.

"ತುಮ್ ಬೈಠೋ ಸಾಬ್. ಹಮ್ ಕರೇಗಾ."

ಮತ್ತೆ ಅದೇ. ನೀ ಕುಂದರು, ನಾ ಮಾಡತೇನಿ. ನಾನು ಬಬಲೇಶ್ವರದಲ್ಲಿ ಕೂಗಿದಂತೆ ಕೂಗಲು ಬಾಯಿ ತೆರೆದೆ. ಆದರೆ ಈ ಮುದುಕನ ಮೇಲೆ ಹೇಗೆ ಕೂಗುವುದು? ಅಷ್ಟರಲ್ಲಿ ಇವರು ಎಡಗೈಯಿಂದ ಪಾನಾದ ಇನ್ನೊಂದು ತುದಿ ಹಿಡಿದುಕೊಂಡಿದ್ದರು.

"ನಹೀಂ ಚಾಚಾ. ಬಹುತ್ ಬೈಠ್ಯಾ ಮೈಂ. ಏಕ್ ಸಾಲ್ ಬೈಠ್ಯಾ." ಒಂದು ವರ್ಷ ಕೂತೇ ಇದ್ದೇನೆ, ಸಾಕು ಎಂದರು.

ಮುದುಕ ಇವರ ಮುಖ ನೋಡಿದ, ಬಲಗೈ ನೋಡಿದ. ಪಾನಾ ಬಿಟ್ಟ. ಪಿಕಪ್ಪಿನಿಂದ ಚಾಪೆ, ಖರ್ಜೂರದ ಡಬ್ಬಿ, ಥರ್ಮಾಸ್ ತಂದು ಅಂಚಿನಾಚೆಯ ಮರಳಿನ ಮೇಲೆ ಹಾಸಿ ಕುಳಿತ. ನನ್ನನ್ನೂ ಕರೆದು ಕೂರಿಸಿದ. ಕೆಲಸ ಮಾಡುವವರಿಗೆ ಜಾಗ ಬಿಡುವ ಒಂದು ರೀತಿ ಅದು ಎಂದು ನನಗೆ ಆಗ ಅರ್ಥವಾಯಿತು.

ಇವರು ಪಿನ್ನು ಎಳೆದರು. ತೋಳು ರಸ್ತೆಯ ಕಡೆ ತೆರೆಯಿತು, ಪಿಕಪ್ಪಿನ ಮರೆಯಲ್ಲಿ ಸುಖವಾಗಿ. ಟೈರು ಇಳಿಸಿ ಉರುಳಿಸಿಕೊಂಡು ಬಂದರು. ಕೂತ ಗಾಲಿಯ ನಟ್ಟಿಗೆ ಪಾನಾ ಸಿಕ್ಕಿಸಿ ಅದರ ಮೇಲೆ ಕಾಲಿಟ್ಟು ಮೈಭಾರ ಬಿಟ್ಟು ಸಡಿಲಿಸಿದರು. ಜಾಕ್ ಎಡಗೈಯಿಂದ ತಿರುಗಿಸಿದರು. ಹೊಸ ಗಾಲಿ ಎತ್ತಿ ಕೂರಿಸುವಾಗ ಮಾತ್ರ ನನ್ನನ್ನು ಕರೆದರು. "ಹಿಡಿ" ಎಂದರು. ನಾನು ಹಿಡಿದೆ.

ಉಳಿದದ್ದು ನಟ್ಟುಗಳು. ಅವನ್ನು ಬೋಲ್ಟಿನ ಎಳೆಯ ಮೇಲೆ ಹಿಡಿಸಲು ಬಲ ಬೇಡ, ಬೆರಳು ಬೇಕು. ನಾನು ಹಿಡಿದಿದ್ದರೂ ತೂತುಗಳು ಜರುಗದಂತೆ ಎಡಗೈ ಗಾಲಿಯನ್ನು ಒತ್ತಿ ಹಿಡಿದಿತ್ತು, ಇದ್ದದ್ದು ಬಲಗೈ. ಮೊದಲ ನಟ್ಟು ಮರಳಿಗೆ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅಂಥ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಎಷ್ಟು ಕಷ್ಟ ಎಂದು ಗಂಗಕ್ಕನನ್ನು ಬೈದ ನನಗೆ ಅಲ್ಲಿ ತಿಳಿಯಿತು. ಎರಡೂ ಕೈಯಿಂದ ಗಾಲಿ ಹಿಡಿದು ಆಡುಗಳನ್ನು ನೋಡುತ್ತ ನಿಂತೆ. ಮತ್ತೊಮ್ಮೆ ಬಿದ್ದ ಸದ್ದು. ಆಮೇಲೆ ಬಹಳ ಹೊತ್ತು ಸದ್ದಿಲ್ಲ.

"ಹತ್ತತು," ಎಂದರು ಇವರು.

ತಿರುಗಿ ನೋಡಿದೆ. ನಟ್ಟು ಎಳೆ ಹಿಡಿದಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಅದನ್ನು ನಡುಗುತ್ತ ತಿರುಗಿಸುತ್ತಿದ್ದವು. ಮುದುಕ ಚಾಪೆಯ ಮೇಲಿಂದ "ಮಾಶಾ ಅಲ್ಲಾ" ಎಂದ. ಉಳಿದವೂ ಒಂದೊಂದಾಗಿ ಹತ್ತಿದವು. ಬಿಗಿಯುವ ಕೆಲಸ ಎಡಗೈ ಮತ್ತು ಕಾಲು ಮಾಡಿದವು.

ಕೈ ತೊಳೆದು ಚಾಪೆಗೆ ಬಂದೆವು. ಮೊದಲು ಖರ್ಜೂರ, ಆಮೇಲೆ ಹಿಡಿಕೆಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ವಾಸನೆಯ ತಿಳಿ ಕಾಫಿ. ಕುಡಿದಂತೆಲ್ಲ ಸುರಿಯುತ್ತಾನೆ. ಬಟ್ಟಲು ಅಲ್ಲಾಡಿಸಿದರೆ ಮಾತ್ರ ಸಾಕು ಎಂದು ಅರ್ಥವಂತೆ. ಅದು ಗೊತ್ತಿಲ್ಲದೆ ನಾನು ಹೊಟ್ಟೆ ಉಬ್ಬುವಷ್ಟು ಕುಡಿದೆ. ನಾನು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ನಮ್ಮ ಚಟ್ನಿಪುಡಿ ತೆಗೆದೆ. ಅವನು ರೊಟ್ಟಿ ಮುರಿದ ಸದ್ದಿಗೆ ಆಡುಗಳು ಒದರಿದವು. ತಿಂದಾದ ಮೇಲೆ ಅವನು ಮೆಲ್ಲಗೆ ಕೇಳಿದ, ಈ ಟೈರು ರಸ್ತೆಯ ಕಡೆ ಯಾಕೆ ಕಟ್ಟಿದ್ದೀರಿ ಎಂದು.

"ಹಮಾರೇ ಗಾಂವ್ ಮೆಂ ರಸ್ತಾ ಉಧರ್ ಹೈ, ಚಾಚಾ," ಎಂದರು ಇವರು, ನಮ್ಮೂರಲ್ಲಿ ರಸ್ತೆ ಆ ಕಡೆ ಎಂದು. ಎಂದವರೇ ನಕ್ಕರು. ಮುದುಕನೂ ನಕ್ಕ. ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ, ಬಂದ ನೀರೆಲ್ಲ ನಗೆಯದ್ದಲ್ಲ. ಹಿಡಿಕೆ ಬಿಚ್ಚಿ ತಿರುವಿ ಹಾಕಿದರೆ ತೋಳು ಬಲಕ್ಕೆ ತೆರೆಯುತ್ತದೆ ಎಂದು ಇವರು ಮರಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಮುಂದಿನ ಊರಿನಲ್ಲಿ ಪಂಚರ್ ಅಂಗಡಿ ಇದೆ, ಅಲ್ಲೇ ಮಾಡೋಣ, ನಾನು ಮುಂದೆ ಹೋಗುತ್ತೇನೆ, ಹಿಂದೆ ಬನ್ನಿ ಎಂದ ಮುದುಕ.

ಸಾಮಾನು ಎತ್ತಿಟ್ಟು ನಾನು ಜೀಪಿನ ಕಡೆ ಬಂದೆ. ಇವರು ಆಗಲೇ ಎಡಗಡೆಯ ಬಾಗಿಲು ತೆರೆದು ನಿಂತಿದ್ದರು. ನಮ್ಮೂರಿನಲ್ಲಿ ಇವರು ಒಂದು ವರ್ಷದಿಂದ ಕೂರುತ್ತಿದ್ದ ಬದಿ ಅದು. ಅಭ್ಯಾಸ, ಪಾಪ, ಮರೆತಿದ್ದಾರೆ ಎಂದುಕೊಂಡೆ.

"ಅದು ಡ್ರೈವರ್ ಸೀಟ್‌ರಿ. ನೀವ ಈ ಕಡೆ ಬರ್ರಿ," ಎಂದೆ.

"ಗೊತ್ತೈತಿ," ಎಂದು ಇವರು ಕೈ ಚಾಚಿದರು. ಬಲಗೈ. "ಕೀಲಿ ಕೊಡು."

ಕೊಟ್ಟೆ. ಬೀಳಲಿಲ್ಲ. ನಾನು ಸುತ್ತಿ ಹೋಗಿ ಆ ಕಡೆ ಹತ್ತಿ ಕುಳಿತೆ. ಮುದುಕನ ಪಿಕಪ್ ಮುಂದೆ ಸರಿಯಿತು, ಆಡುಗಳು ನಮ್ಮ ಕಡೆ ಮುಖ ಮಾಡಿ ನಿಂತಿದ್ದವು. ಇವರು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಕನ್ನಡಿ ನೋಡಿ, ಮೆಲ್ಲಗೆ ರಸ್ತೆಗೆ ತಂದರು.

ಸ್ವಲ್ಪ ದೂರ ಹೋದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಅರಕೇರಿಯವಗ ಗಾಡಿ ಕೊಡಂಗಿಲ್ಲಂತ ನೀ ಹೇಳ್ತಿ ಏನ, ನಾನ ಹೇಳ್ಲಿ?"

"ನೀವ ಹೇಳ್ರಿ," ಎಂದೆ.